ಹಿರಿಯರ ದವಡೆ ಕೀಲಿನ ನೋವು: ಊಟದ ತಟ್ಟೆಯಿಂದ ಆಸ್ಪತ್ರೆಯವರೆಗೆ ಹಂತ ಹಂತದ ಮಾರ್ಗದರ್ಶಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಬೆಳಗಿನ ತಿಂಡಿ ಅಂದರೆ ಅಕ್ಕಿ ರೊಟ್ಟಿ. ಒಂದು ಮಳೆಗಾಲದಲ್ಲಿ ಊರಿಗೆ ಹೋದಾಗ ನೋಡಿದೆ, ಅಪ್ಪಯ್ಯ ರೊಟ್ಟಿಯ ಅಂಚನ್ನೆಲ್ಲ ಸುತ್ತಲೂ ಮುರಿದು ತಟ್ಟೆಯ ಬದಿಗೆ ಇಟ್ಟಿದ್ದರು. ನಡುವಿನ ಮೆತ್ತನೆಯ ಭಾಗವನ್ನಷ್ಟೇ ಕಾಫಿಗೆ ಅದ್ದಿ ತಿನ್ನುತ್ತಿದ್ದರು. "ಎಂತಕ್ಕೆ ಅಪ್ಪಯ್ಯ, ರೊಟ್ಟಿ ಗಟ್ಟಿಯಾಯ್ತಾ?" ಅಂದೆ. "ಎಂತ ಇಲ್ಲ ಮಗಾ, ಹಸಿವಿಲ್ಲ ಅಷ್ಟೆ" ಅಂದರು. ಆಮೇಲೆ ಅಮ್ಮನನ್ನು ಕೇಳಿದರೆ, ಅವರು ಚಕ್ಕುಲಿ ಮುಟ್ಟದೆ ಆರು ತಿಂಗಳಾಗಿತ್ತು. ಹಲಸಿನ ಹಪ್ಪಳ ಬಿಟ್ಟು ಅದಕ್ಕೂ ಮೊದಲೇ ಆಗಿತ್ತು.

ನಾನು ದಂತವೈದ್ಯೆ. ದಿನವಿಡೀ ಬಾಯಿಗಳನ್ನೇ ನೋಡುತ್ತೇನೆ. ಆದರೂ ನಮ್ಮ ಮನೆಯ ತಟ್ಟೆಯಲ್ಲಿ ಉಳಿದದ್ದು ನನ್ನ ಕಣ್ಣಿಗೆ ಬೀಳಲು ಅಷ್ಟು ದಿನ ಬೇಕಾಯಿತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಮಲೆನಾಡಿನ ಹಿರಿಯರು "ದವಡೆ ನೋಯುತ್ತೆ" ಅಂತ ಬಾಯಿಬಿಟ್ಟು ಹೇಳುವವರಲ್ಲ. ಒಂದೊಂದೇ ತಿನಿಸನ್ನು ಸದ್ದಿಲ್ಲದೆ ಬಿಡುತ್ತಾ ಹೋಗುತ್ತಾರೆ. ಮನೆಯವರು "ವಯಸ್ಸಾಯ್ತಲ್ಲ, ಊಟ ಕಡಿಮೆಯಾಯ್ತು" ಅಂದುಕೊಳ್ಳುತ್ತಾರೆ.

ಕೀಲು ಎಲ್ಲಿದೆ, ಏನಾಗುತ್ತದೆ

ಕಿವಿಯ ಮುಂಭಾಗದಲ್ಲಿರುವ ಚಿಕ್ಕ ಮೃದು ಮೂಳೆಯ ತುಸು ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಬೆರಳಿನಡಿ ಒಂದು ಗಂಟು ಜಾರಿದಂತೆ ಆಗುತ್ತದೆ. ಅದು ಕೆಳದವಡೆಯ ತಲೆ. ತಲೆಬುರುಡೆಯ ಒಂದು ಕುಳಿಯಲ್ಲಿ ಅದು ಕೂತಿರುತ್ತದೆ, ಎರಡರ ನಡುವೆ ತೆಳ್ಳಗಿನ ಮೆತ್ತೆಯಂಥ ಡಿಸ್ಕ್ ಇದೆ. ಬಾಯಿ ತೆರೆಯಲು ಶುರುಮಾಡಿದಾಗ ಕೀಲು ಬಾಗಿಲಿನ ತಿರುಗಣಿಯ ಹಾಗೆ ತಿರುಗುತ್ತದೆ. ಇನ್ನೂ ಅಗಲಕ್ಕೆ ತೆರೆದರೆ ಮುಂದಕ್ಕೆ ಜಾರುತ್ತದೆ. ತಿರುಗುವುದು, ಜಾರುವುದು ಎರಡನ್ನೂ ಮಾಡುವ ಈ ಕೀಲನ್ನು ಮಾತಾಡುವಾಗ, ಉಣ್ಣುವಾಗ, ಆಕಳಿಸುವಾಗ ದಿನವಿಡೀ ಬಳಸುತ್ತೇವೆ.

ದವಡೆ ಕೀಲಿನ ನೋವು ಅಂತ ವೈದ್ಯರ ಹತ್ತಿರ ಬರುವವರಲ್ಲಿ 20ರಿಂದ 40 ವರ್ಷದವರು, ಅದರಲ್ಲೂ ಹೆಂಗಸರು ಹೆಚ್ಚು. ಹಿರಿಯರಲ್ಲಿ ನೋವಿನ ದೂರು ಅದಕ್ಕಿಂತ ಕಡಿಮೆ, ಆದರೆ ಕೀಲಿನ ಸವೆತದ ಗುರುತು ಹೆಚ್ಚು. ಮಂಡಿ ಸವೆಯುವ ಹಾಗೇ ಇದೂ ಸವೆಯುತ್ತದೆ. ಅದರ ಜೊತೆಗೆ ಉದುರಿದ ಹಲ್ಲು, ಸಡಿಲವಾದ ಹಲ್ಲು ಸೆಟ್ಟು, ರಾತ್ರಿ ಹಲ್ಲು ಕಡಿಯುವ ಅಭ್ಯಾಸ, ಸಂಧಿವಾತ ಇವೂ ಸೇರಿಕೊಳ್ಳುತ್ತವೆ. ಸಾಲದ್ದಕ್ಕೆ ನಮ್ಮೂರಿನ ಅಡಿಕೆ. ಅದಕ್ಕೆ ಬೇರೆ ಜಾಗವೇ ಬೇಕು, ಮುಂದೆ ಬರುತ್ತೇನೆ.

ಮೊದಲ ಹೆಜ್ಜೆ: ಒಂದು ವಾರ ತಟ್ಟೆ ನೋಡಿ

ಹಿರಿಯರನ್ನು ಕೂರಿಸಿಕೊಂಡು ವಿಚಾರಣೆ ಮಾಡಬೇಡಿ. "ಎಂತ ಇಲ್ಲ" ಅನ್ನುವ ಉತ್ತರವೇ ಬರುತ್ತದೆ. ಊಟದ ಹೊತ್ತಿಗೆ ಜೊತೆಗೆ ಕೂತು ಗಮನಿಸಿ. ಏನನ್ನು ಬದಿಗಿಡುತ್ತಾರೆ? ಒಂದೇ ಬದಿಯಲ್ಲಿ ಜಗಿಯುತ್ತಾರಾ? ನಡುವೆ ನಿಲ್ಲಿಸಿ ಕೆನ್ನೆ ಒತ್ತಿಕೊಳ್ಳುತ್ತಾರಾ? ಮೊದಲು ಪಂಕ್ತಿಯಲ್ಲಿ ಎಲ್ಲರ ಜೊತೆ ಏಳುತ್ತಿದ್ದವರು ಈಗ ಕೊನೆಗೆ ಏಳುತ್ತಾರಾ? ಅನ್ನವನ್ನು ಜಗಿಯದೆ ಮಜ್ಜಿಗೆ ಹಾಕಿ ನುಂಗುತ್ತಾರಾ? ಬೆಳಿಗ್ಗೆ ಎದ್ದಾಗ ದವಡೆ ಹಿಡಿದಂತಿದ್ದು ಅರ್ಧ ಗಂಟೆಯೊಳಗೆ ಸಡಿಲವಾಗುತ್ತದಾ? ಹಾಗಾದರೆ ಅದು ಸವೆತದ ಲಕ್ಷಣ. ಅರ್ಧ ಗಂಟೆ ದಾಟಿಯೂ ಬಿಗಿ ಇಳಿಯದೆ ಕೈಬೆರಳುಗಳ ಗೆಣ್ಣೂ ಊದಿದ್ದರೆ ಸಂಧಿವಾತವನ್ನು ನೆನಪಿಸಿಕೊಳ್ಳಬೇಕು, ಅದಕ್ಕೆ ರಕ್ತಪರೀಕ್ಷೆ ಬೇಕು.

ನೋಡಿದ್ದನ್ನು ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಒಂದೆರಡು ಪದದಲ್ಲಿ ಬರೆದಿಡಿ. ತಿಂಗಳಿಗೊಮ್ಮೆ ತೂಕವನ್ನೂ ಬರೆಯಿರಿ. ಡಾಕ್ಟರ ಮುಂದೆ ಕೂತಾಗ ಈ ಹಾಳೆ ನಿಮ್ಮ ನೆನಪಿಗಿಂತ ಚೆನ್ನಾಗಿ ಮಾತಾಡುತ್ತದೆ.

ಎರಡನೇ ಹೆಜ್ಜೆ: ಕಾಯಬಾರದ ನೋವು ಯಾವುದು

ಮನೆಮದ್ದಿಗೆ ಕೈ ಹಾಕುವ ಮೊದಲು ಇದನ್ನು ಓದಲೇಬೇಕು. ದವಡೆ ನೋವೆಲ್ಲ ಕೀಲಿನದಲ್ಲ.

ತೋಟಕ್ಕೆ ಇಳಿದು ಧರೆಯ ಏರು ಹತ್ತುವಾಗ, ಮೆಟ್ಟಿಲೇರುವಾಗ ದವಡೆಯಲ್ಲಿ ಒತ್ತಿದಂಥ ನೋವು ಬಂದು, ನಿಂತು ಸುಧಾರಿಸಿಕೊಂಡರೆ ಹೋಗುತ್ತದಾ? ಅಥವಾ ದವಡೆ ನೋವಿನ ಜೊತೆ ಎದೆ ಬಿಗಿತ, ತಣ್ಣನೆ ಬೆವರು, ಉಸಿರು ಕಟ್ಟುವುದು, ವಾಕರಿಕೆ ಇದೆಯಾ? ಹೃದಯದ ನೋವು ಹೀಗೆ ದವಡೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹಿರಿಯರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆಯೂ ಬರಬಹುದು. ತಕ್ಷಣ 108ಕ್ಕೆ ಫೋನ್ ಮಾಡಿ. "ನೇರ ಶಿವಮೊಗ್ಗಕ್ಕೇ ಕರೆದುಕೊಂಡು ಹೋಗೋಣ, ಬೆಳಗಾಗಲಿ" ಅಂತ ಕೂರಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲು ಇಸಿಜಿ ಆಗಲಿ.

50 ದಾಟಿದವರಿಗೆ ಹೊಸದಾಗಿ ಕಣತಲೆಯಲ್ಲಿ ನೋವು ಶುರುವಾಗಿದೆ, ತಲೆ ಬಾಚಿದರೆ ಬುರುಡೆ ನೋಯುತ್ತದೆ, ನಾಲ್ಕು ತುತ್ತು ಜಗಿಯುವಷ್ಟರಲ್ಲಿ ದವಡೆ ಸೋತು ನೋಯುತ್ತದೆ, ನಿಲ್ಲಿಸಿದರೆ ಇಳಿಯುತ್ತದೆ, ಕಣ್ಣು ಮಂಜಾಗುತ್ತದೆ ಅಥವಾ ಎರಡೆರಡು ಕಾಣುತ್ತದೆ ಅಂದರೆ ಅದು ತಲೆಯ ರಕ್ತನಾಳದ ಉರಿಯೂತ ಇರಬಹುದು. ನಮ್ಮಲ್ಲಿ ಅಪರೂಪವೇ. ಆದರೆ ಸ್ಟೀರಾಯ್ಡ್ ಚಿಕಿತ್ಸೆ ತಡವಾದರೆ ಕಣ್ಣೇ ಹೋಗಬಹುದು. ಅದೇ ದಿನ ವೈದ್ಯರ ಹತ್ತಿರ ಹೋಗಿ.

ಮುಖ ತೊಳೆಯುವಾಗ, ಹಲ್ಲುಜ್ಜುವಾಗ, ಗಾಳಿ ಸೋಕಿದಾಗ ಕರೆಂಟು ಹೊಡೆದಂತೆ ಕೆಲವು ಕ್ಷಣ ಚಳುಕು ಬಂದು ಹೋಗುವುದು ನರದ ನೋವು. ನಮ್ಮ ದೊಡ್ಡಮ್ಮನಿಗೆ ಇದೇ ಆಗಿತ್ತು. ಒಂದು ಕಡೆ ತೋರಿಸಿದಾಗ ಹಲ್ಲಿನದೇ ನೋವು ಅಂತ ಒಂದಾದ ಮೇಲೊಂದು ಮೂರು ಹಲ್ಲು ಕೀಳಿಸಿಕೊಂಡು ಬಂದರು, ನೋವು ಮಾತ್ರ ಅಲ್ಲೇ ಇತ್ತು. ಆ ಮೂರೂ ಗಟ್ಟಿ ಹಲ್ಲುಗಳಾಗಿದ್ದವು ಅನ್ನುವುದು ನನಗೆ ಈಗಲೂ ಸಂಕಟ. ನರದ ನೋವಿಗೆ ಬೇರೆಯೇ ಮಾತ್ರೆ ಇದೆ, ಹಲ್ಲು ಕಿತ್ತರೆ ಅದು ಹೋಗುವುದಿಲ್ಲ.

ಎರಡು ವಾರ ದಾಟಿಯೂ ಮಾಯದ ಬಾಯಿಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಜೋಮು ಹಿಡಿದ ತುಟಿ, ಕುತ್ತಿಗೆಯಲ್ಲಿ ಗಂಟು ಇದ್ದರೆ ಕ್ಯಾನ್ಸರ್ ಅಲ್ಲ ಅಂತ ಮೊದಲು ಖಾತ್ರಿಯಾಗಬೇಕು. ಇನ್ನು, ತೋಟದಲ್ಲಿ ಗಾಯವಾಗಿ ಕೆಲವು ದಿನ ಅಥವಾ ವಾರಗಳಲ್ಲಿ ದವಡೆ ಕಚ್ಚಿಕೊಂಡು ಬಾಯಿ ತೆರೆಯದಾದರೆ ಅದು ಧನುರ್ವಾಯು ಇರಬಹುದು. ಹಿರಿಯರಲ್ಲಿ ಎಷ್ಟೋ ಜನ ಟಿಟಿ ಚುಚ್ಚುಮದ್ದು ಕೊನೆಗೆ ಯಾವಾಗ ತೆಗೆದುಕೊಂಡರು ಅಂತ ಅವರಿಗೇ ನೆನಪಿರುವುದಿಲ್ಲ. ಇಲ್ಲಿ ಒಂದು ಗಂಟೆಯೂ ತಡಮಾಡಬಾರದು.

ಮೂರನೇ ಹೆಜ್ಜೆ: ಮೂರು ಬೆರಳಿನ ಅಳತೆ

ಮೇಲಿನದು ಯಾವುದೂ ಅಲ್ಲ ಅಂದಾದರೆ ಬೆಳಕಿರುವ ಜಗಲಿಯಲ್ಲಿ ಕೂರಿಸಿ. ಹಲ್ಲು ಸೆಟ್ಟು ಹಾಕುವವರಾದರೆ ಹಾಕಿಯೇ ಇರಲಿ. ಅವರದೇ ಕೈಯ ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರನ್ನೂ ಒಂದರ ಮೇಲೊಂದು ಬರುವಂತೆ ಜೋಡಿಸಿ ಮುಂದಿನ ಹಲ್ಲುಗಳ ನಡುವೆ ಇಡಲು ಹೇಳಿ. ನಿಮ್ಮ ಬೆರಳು ಬೇಡ, ಒಬ್ಬೊಬ್ಬರ ಬಾಯಿಗೆ ಅವರವರ ಬೆರಳೇ ಅಳತೆ. ಮೂರೂ ಹಿಡಿದರೆ ಬಾಯಿ ಸಾಕಷ್ಟು ತೆರೆಯುತ್ತಿದೆ. ಎರಡೇ ಹಿಡಿದರೆ ಕಡಿಮೆಯಾಗಿದೆ. ಒಂದೇ ಅಂದರೆ ಈ ವಾರವೇ ತೋರಿಸಿ.

ಮಕ್ಕಳ ಸ್ಕೇಲು ಇದ್ದರೆ ಇನ್ನೂ ಒಳ್ಳೆಯದು. ಮೇಲಿನ ಮುಂಹಲ್ಲಿನ ತುದಿಯಿಂದ ಕೆಳಗಿನ ಮುಂಹಲ್ಲಿನ ತುದಿಗೆ ಸಾಮಾನ್ಯವಾಗಿ 40 ಮಿಲಿಮೀಟರಿಗೆ ಮೇಲಿರುತ್ತದೆ. 35ಕ್ಕಿಂತ ಕಡಿಮೆಯಾದರೆ ಅಡಚಣೆ ಇದೆ ಅಂತಲೇ ಲೆಕ್ಕ. ಅಪ್ಪಯ್ಯನದು ಆ ದಿನ 29 ಇತ್ತು.

ಬಾಯಿ ತೆರೆಯುವಾಗ ಗಲ್ಲ ನೇರ ಕೆಳಗಿಳಿಯುತ್ತದಾ, ಓರೆಯಾಗುತ್ತದಾ ನೋಡಿ. ಒಂದು ಬದಿಗೆ ವಾಲಿಯೇ ನಿಂತರೆ ಆ ಬದಿಯ ಕೀಲು ಬಿಗಿದಿದೆ ಎಂಬ ಸೂಚನೆ. ವಾಲಿ ಮತ್ತೆ ನಡುವಿಗೆ ಬಂದರೆ ಡಿಸ್ಕ್ ಜಾರಿ ಮರಳಿ ಕೂತಿದೆ ಎಂದಿರಬಹುದು. ಎರಡೂ ಕಿವಿಯ ಮುಂದೆ ನಿಮ್ಮ ಬೆರಳಿಟ್ಟು ಕೇಳಿ. ಒಂದೇ ಸಲ "ಲಟಕ್" ಅಂದರೆ ಡಿಸ್ಕಿನ ಸದ್ದು. ಮರಳಿನ ಮೇಲೆ ಕಾಲಿಟ್ಟಂತೆ ಕರಕರ ಅಂದರೆ ಸವೆತ. ನೋವಿಲ್ಲದೆ, ಬಾಯಿ ಪೂರ್ತಿ ತೆರೆಯುತ್ತಾ, ಬರೀ ಸದ್ದು ಮಾತ್ರ ಇದ್ದರೆ ಚಿಕಿತ್ಸೆಯೇ ಬೇಡ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಸದ್ದಿಗೆ ಹೆದರಿ ದುಡ್ಡು ಸುರಿದವರನ್ನು ನೋಡಿದ್ದೇನೆ.

ಕೊನೆಗೆ ಕೆನ್ನೆಯ ದಪ್ಪ ಸ್ನಾಯುವನ್ನೂ ಕಣತಲೆಯನ್ನೂ ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. "ಇದೇ ನೋವು" ಅಂತ ಅಲ್ಲಿ ಅಂದರೆ ತೊಂದರೆ ಕೀಲಿಗಿಂತ ಸ್ನಾಯುವಿನಲ್ಲಿದೆ. ಅದು ಬೇಗ ಸುಧಾರಿಸುವಂಥದ್ದು.

ಅಪ್ಪ-ಅಮ್ಮ ಊರಲ್ಲಿ, ನೀವು ಬೆಂಗಳೂರಿನಲ್ಲಿ ಇದ್ದರೆ ಮೂರು ಬೆರಳಿನ ಅಳತೆಯನ್ನು ವಿಡಿಯೋ ಕಾಲಿನಲ್ಲೂ ಮಾಡಿಸಬಹುದು. ನೆಟ್ವರ್ಕ್ ಸಿಗುವ ಧರೆಯ ಮೇಲೆ ನಿಂತೇ ಮಾಡಲಿ, ಎರಡು ನಿಮಿಷ ಸಾಕು.

ನಾಲ್ಕನೇ ಹೆಜ್ಜೆ: ಅಡಿಕೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ

ಮಲೆನಾಡಿನಲ್ಲಿ ಬಾಯಿ ತೆರೆಯದ ಹಿರಿಯರು ಬಂದರೆ ನಾನು ಕೀಲಿಗಿಂತ ಮೊದಲು ಕೆನ್ನೆಯ ಒಳಭಾಗ ನೋಡುತ್ತೇನೆ. ನಮ್ಮ ಮನೆ ನಡೆದದ್ದೂ ನಾನು ಓದಿದ್ದೂ ಅಡಿಕೆಯ ದುಡ್ಡಿನಲ್ಲಿ. ಅದರ ಋಣ ಇಟ್ಟುಕೊಂಡೇ ಈ ಮಾತು ಹೇಳಬೇಕಾಗಿದೆ. ವರ್ಷಗಟ್ಟಲೆ ಅಡಿಕೆ ಜಗಿದವರ ಕೆನ್ನೆಯ ಒಳಪದರ ನಾರುಗಟ್ಟಿ ಬಿಗಿಯುತ್ತದೆ. ಆರೋಗ್ಯವಾದ ಕೆನ್ನೆ ಒಳಗೆ ಕೆಂಪಗೆ, ಮೆತ್ತಗೆ ಇರುತ್ತದೆ. ಇದು ಬಿಳಿಚಿಕೊಂಡಿರುತ್ತದೆ, ಬೆರಳಾಡಿಸಿದರೆ ಹಗ್ಗದ ಎಳೆಯಂಥ ಪಟ್ಟಿಗಳು ಸಿಗುತ್ತವೆ. ಸಾರಿಗೆ ಚೂರು ಖಾರ ಹೆಚ್ಚಾದರೂ ಬಾಯಿ ಉರಿಯುತ್ತದೆ, ನಾಲಗೆ ಪೂರ್ತಿ ಹೊರಗೆ ಬರುವುದಿಲ್ಲ. ಕೀಲಿಗೆ ಎಷ್ಟು ಶಾಖ ಕೊಟ್ಟರೂ ಈ ಬಿಗಿತ ಸಡಿಲವಾಗುವುದಿಲ್ಲ.

ತಂಬಾಕು ಹಾಕದೆ ಬರೀ ಅಡಿಕೆ ತಿಂದರೆ ಏನೂ ಆಗುವುದಿಲ್ಲ ಅನ್ನುವ ಮಾತು ನಮ್ಮಲ್ಲಿ ಬಹಳ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಬರೀ ಅಡಿಕೆಯನ್ನೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಾರುಗಟ್ಟಿದ ಕೆನ್ನೆ ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಅಡಿಕೆ ಬಿಟ್ಟರೆ ಮುಂದೆ ಹೆಚ್ಚಾಗುವುದನ್ನು ತಡೆಯಬಹುದು, ವ್ಯಾಯಾಮ ಮತ್ತು ಚಿಕಿತ್ಸೆಯಿಂದ ಒಂದಿಷ್ಟು ಸಡಿಲ ಮಾಡಬಹುದು, ಕಾಲಕಾಲಕ್ಕೆ ಬಾಯಿ ಪರೀಕ್ಷೆ ಮಾಡಿಸುತ್ತಿರಬೇಕು.

ಹೇಳುವ ರೀತಿಯ ಬಗ್ಗೆ ಒಂದು ಮಾತು. ಎಪ್ಪತ್ತು ದಾಟಿದವರ ಮುಂದಿನಿಂದ ಕವಳದ, ಅಂದರೆ ಎಲೆ-ಅಡಿಕೆಯ, ತಟ್ಟೆ ಎತ್ತಿಡುವುದು ಸಲ್ಲದು. ಅದು ಅವರ ಮಾತಿನ ಹೊತ್ತು, ನೆಂಟರ ಜೊತೆ ಕೂರುವ ಹೊತ್ತು. ನಮ್ಮಜ್ಜಿ ಹಲ್ಲಿಲ್ಲದ ಬಾಯಿಗೆ ಕವಳವನ್ನು ಪುಟ್ಟ ಕುಟ್ಟಾಣಿಯಲ್ಲಿ ಟಕಟಕ ಕುಟ್ಟಿ ಹಾಕಿಕೊಳ್ಳುತ್ತಿದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಕುಟ್ಟಿದರೆ ದವಡೆಗೆ ಶ್ರಮ ತಪ್ಪುತ್ತದೆ ಹೊರತು ಅಡಿಕೆಯ ಕೆಡುಕು ತಪ್ಪುವುದಿಲ್ಲ. ಮೊದಲ ವಾರ ದಿನದ ಲೆಕ್ಕ ಕೇಳಿ, ಆಮೇಲೆ ಒಂದೊಂದೇ ಕಡಿಮೆ ಮಾಡಿ, ಅಡಿಕೆಯ ಬದಲು ಎಲೆಗೆ ಸೋಂಪು, ಏಲಕ್ಕಿ, ಲವಂಗ ಇಟ್ಟು ಕೊಡಿ. ನೀವೂ ಜೊತೆಗೆ ಕೂತು ಅದನ್ನೇ ಹಾಕಿಕೊಂಡರೆ ಅವರು ಒಪ್ಪುತ್ತಾರೆ.

ಐದನೇ ಹೆಜ್ಜೆ: ಹಲ್ಲು ಸೆಟ್ಟನ್ನು ಪರೀಕ್ಷಿಸಿ

ಹಲ್ಲು ಹೋದ ಮೇಲೆ ಒಸಡಿನ ಕೆಳಗಿನ ಮೂಳೆ ವರ್ಷ ವರ್ಷವೂ ಕರಗುತ್ತದೆ. ಹತ್ತು ವರ್ಷದ ಹಿಂದೆ ಮಾಡಿಸಿದ ಸೆಟ್ಟು ಇವತ್ತಿನ ಬಾಯಿಗೆ ಕೂರುವುದಿಲ್ಲ. ಮಾತಾಡುವಾಗ ಜಾರುವ ಸೆಟ್ಟನ್ನು ಹಿಡಿದಿಡಲು ಹಿರಿಯರು ದಿನವಿಡೀ ದವಡೆ ಬಿಗಿಹಿಡಿಯುತ್ತಾರೆ, ಅದೇ ಕೆನ್ನೆಯ ಸ್ನಾಯುವಿನ ನೋವಾಗುತ್ತದೆ. ಸೆಟ್ಟಿನ ಹಲ್ಲು ಸವೆದಿದ್ದರೆ ಮೂಗು ಗಲ್ಲ ಹತ್ತಿರ ಬಂದಂತೆ ಮುಖ ಕುಸಿಯುತ್ತದೆ, ಬಾಯಿಯ ಮೂಲೆಗಳು ಒಡೆಯುತ್ತವೆ. ಇವು ಕಂಡರೆ ಹೊಸ ಸೆಟ್ಟು, ಇಲ್ಲವೇ ಇದ್ದದ್ದಕ್ಕೇ ಒಳಪದರ ಕೂರಿಸುವುದು ಬೇಕು. ಮನೆಯಲ್ಲಿ ಅರದಿಂದ ಉಜ್ಜಿ ಸರಿಮಾಡಲು ಹೋಗಬೇಡಿ. ರಾತ್ರಿ ತೆಗೆದು, ತೊಳೆದು, ನೀರಿನಲ್ಲಿಡಿ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಉಚಿತವಾಗಿ ಹಲ್ಲು ಸೆಟ್ಟು ಕೊಡಲು ಕರ್ನಾಟಕ ಸರ್ಕಾರ ದಂತಭಾಗ್ಯ ಯೋಜನೆ ತಂದಿದೆ. ತಾಲ್ಲೂಕು ಆಸ್ಪತ್ರೆಯ ದಂತವಿಭಾಗದಲ್ಲಿ ಅದರ ಬಗ್ಗೆ ಕೇಳಿ.

ಆರನೇ ಹೆಜ್ಜೆ: ಮೊದಲ ಎರಡು ವಾರದ ಆರೈಕೆ

ಬಹಳಷ್ಟು ದವಡೆ ನೋವು ಇಲ್ಲೇ ಹತೋಟಿಗೆ ಬರುತ್ತದೆ. ಮೊದಲು ಕೀಲಿಗೆ ವಿಶ್ರಾಂತಿ. "ಲ" ಅನ್ನುವಾಗ ನಾಲಗೆಯ ತುದಿ ಮುಟ್ಟುವ ಜಾಗವಿದೆಯಲ್ಲ, ನಾಲಗೆಯನ್ನು ಅಲ್ಲೇ ಇಡಿ. ತುಟಿ ಮುಚ್ಚಿರಲಿ, ಮೇಲಿನ ಕೆಳಗಿನ ಹಲ್ಲುಗಳು ಒಂದಕ್ಕೊಂದು ತಾಗದಿರಲಿ. ಉಣ್ಣುವ ಹೊತ್ತು ಬಿಟ್ಟರೆ ಹಲ್ಲಿಗೆ ಹಲ್ಲು ತಾಗುವ ಅಗತ್ಯವೇ ಇಲ್ಲ. ಸುಗ್ಗಿಯಲ್ಲಿ ಮೆಟ್ಟುಗತ್ತಿಯ ಮುಂದೆ ಕತ್ತು ಬಗ್ಗಿಸಿ ಗಂಟೆಗಟ್ಟಲೆ ಅಡಿಕೆ ಸುಲಿಯುವವರನ್ನು ಗಮನಿಸಿ, ಕೈ ಓಡುತ್ತಿದ್ದಂತೆ ಹಲ್ಲು ಕಚ್ಚಿಕೊಂಡೇ ಇರುತ್ತಾರೆ. ಅರ್ಧ ಗಂಟೆಗೊಮ್ಮೆ ತಲೆ ಎತ್ತಿಸಿ, "ಲ" ಅನ್ನಿಸಿ.

ಊಟ. ಮೆತ್ತಗಿನ ಊಟ ಅಂದರೆ ಬರೀ ಗಂಜಿ-ಉಪ್ಪಿನಕಾಯಿ ಅಂತ ಮಾಡಿಬಿಟ್ಟರೆ ಎರಡೇ ತಿಂಗಳಲ್ಲಿ ಹಿರಿಯರು ಸೊರಗುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಜಗಿಯದೆ ಉಣ್ಣುವಂಥದ್ದು ಬೇಕಾದಷ್ಟಿದೆ: ತುಪ್ಪ ಹಾಕಿದ ತೊವ್ವೆ ಅನ್ನ, ಬೆಂದ ನುಚ್ಚಿನುಂಡೆಯನ್ನು ಮಜ್ಜಿಗೆಹುಳಿಯಲ್ಲಿ ಕಿವುಚಿದ್ದು, ಒಂದೆಲಗದ ತಂಬುಳಿ, ಬಿಸಿ ಕಡುಬು, ಹೆಸರುಬೇಳೆ ಪಾಯಸ, ರಾಗಿ ಅಂಬಲಿ. ತಿನ್ನುವ ಮನೆಯಾದರೆ ಬೇಯಿಸಿದ ಮೊಟ್ಟೆ, ಮುಳ್ಳು ಬಿಡಿಸಿದ ಮೀನು. ಹುರುಳಿಕಾಳನ್ನು ಚೆನ್ನಾಗಿ ಬೇಯಿಸಿ ಅರೆದು ಸಾರು ಮಾಡಿ. ದಿನಕ್ಕೆ ಎರಡು ಹೊತ್ತಾದರೂ ಬೇಳೆ, ಹಾಲು ಅಥವಾ ಮೊಟ್ಟೆ ಹೊಟ್ಟೆಗೆ ಸೇರಬೇಕು. ಚಕ್ಕುಲಿ, ಕೋಡುಬಳೆ, ಹುರಿಗಾಳು, ಇಡಿಯಾದ ಮಿಡಿ ಉಪ್ಪಿನಕಾಯಿ ಸದ್ಯಕ್ಕೆ ಬೇಡ. ಮಿಡಿಯ ರಸ ಕೊಡಿ, ಅದನ್ನೂ ಕಿತ್ತುಕೊಂಡರೆ ಊಟವೇ ಸೇರುವುದಿಲ್ಲ. ಪೇರಲೆ, ಸೇಬನ್ನು ಕಚ್ಚುವ ಬದಲು ತೆಳ್ಳಗೆ ಹೆಚ್ಚಿಕೊಡಿ. ನೋವು ಇಳಿದ ಮೇಲೆ ಗಟ್ಟಿ ಆಹಾರಕ್ಕೆ ಮೆಲ್ಲಗೆ ಮರಳಬೇಕು, ಮೆತ್ತನೆಯದರಲ್ಲೇ ನಿಂತುಬಿಟ್ಟರೆ ಸ್ನಾಯು ಸೋಲುತ್ತದೆ.

ಶಾಖ. ಬಚ್ಚಲ ಹಂಡೆಯ ಬಿಸಿನೀರಿಗೆ ಪಂಚೆ ತುಂಡನ್ನು ಅದ್ದಿ, ಗಟ್ಟಿ ಹಿಂಡಿ, ಮೊದಲು ನಿಮ್ಮ ಮೊಣಕೈ ಒಳಭಾಗಕ್ಕೆ ತಾಗಿಸಿ ನೋಡಿ. ನಿಮಗೆ ಹಿತವಾದರೆ ಅವರಿಗೆ ಕಿವಿಯ ಮುಂದಿನಿಂದ ಕೆನ್ನೆಯವರೆಗೆ ಇಡಿ. ಆರಿದಂತೆ ಬದಲಾಯಿಸುತ್ತಾ 15 ನಿಮಿಷ, ದಿನಕ್ಕೆ ಎರಡು ಮೂರು ಸಲ. ಸಕ್ಕರೆ ಕಾಯಿಲೆ ಇದ್ದವರಿಗೆ ಚರ್ಮ ಸುಡುವುದು ಗೊತ್ತಾಗದಿರಬಹುದು, ಆದ್ದರಿಂದ ನೀವೇ ಹತ್ತಿರ ಕೂತಿರಿ. ಬಿದ್ದು ಪೆಟ್ಟಾಗಿ ಊದಿದ್ದರೆ ಮೊದಲೆರಡು ದಿನ ಶಾಖ ಬೇಡ. ಬಟ್ಟೆಯಲ್ಲಿ ಸುತ್ತಿದ ಐಸು ಹತ್ತು ನಿಮಿಷ ಇಡಿ, ಬಿದ್ದದ್ದರಿಂದ ಮೂಳೆ ಮುರಿದಿಲ್ಲ ಎಂದು ತೋರಿಸಿಕೊಂಡೂ ಬನ್ನಿ.

ಮಾತ್ರೆ. ಇಲ್ಲಿ ನನಗೆ ನಿಜವಾದ ಆತಂಕವಿದೆ. ಪೇಟೆಗೆ ಹೋದವರ ಕೈಲಿ "ಒಂದು ನೋವಿನ ಮಾತ್ರೆ ತಾ" ಅಂತ ಹೇಳಿ ಕಳಿಸುವುದು ನಮ್ಮ ಹಳ್ಳಿಗಳ ರೂಢಿ. ಡೈಕ್ಲೋಫಿನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಹಿರಿಯರ ಮೂತ್ರಪಿಂಡಕ್ಕೆ, ಹೊಟ್ಟೆಗೆ, ರಕ್ತದೊತ್ತಡಕ್ಕೆ ಕೆಡುಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಿಗಂತೂ ಹೊಟ್ಟೆಯಲ್ಲಿ ರಕ್ತಸ್ರಾವವಾಗುವ ಭಯ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮೊದಲ ಆಯ್ಕೆ. ಹಿರಿಯರಿಗೆ ದಿನಕ್ಕೆ ಆರಕ್ಕಿಂತ ಹೆಚ್ಚು ಬೇಡ. ಲಿವರ್ ತೊಂದರೆ ಇದ್ದವರು, ಮದ್ಯ ಕುಡಿಯುವವರು, 50 ಕಿಲೋಗಿಂತ ಕಡಿಮೆ ತೂಕದವರು ವೈದ್ಯರು ಹೇಳಿದ್ದಷ್ಟನ್ನೇ ತೆಗೆದುಕೊಳ್ಳಬೇಕು. ಕೀಲಿನ ಮೇಲೆ ಹಚ್ಚುವ ನೋವಿನ ಜೆಲ್ ಮಾತ್ರೆಗಿಂತ ಹಗುರ, ಕಣ್ಣಿಗೆ ತಾಗಿಸಬೇಡಿ. ಸ್ನಾಯು ಸಡಿಲಿಸುವ ಮಾತ್ರೆಗಳು ಮಂಪರು ತರುತ್ತವೆ. ರಾತ್ರಿ ಬಚ್ಚಲಿಗೆ ಎದ್ದವರು ಜಾರಿ ಬಿದ್ದು ಸೊಂಟ ಮುರಿದುಕೊಂಡರೆ ಅದಕ್ಕಿಂತ ದವಡೆಯ ನೋವೇ ಮೇಲಾಗಿತ್ತು ಅನ್ನಿಸುತ್ತದೆ.

ಏಳನೇ ಹೆಜ್ಜೆ: ಕನ್ನಡಿಯ ಮುಂದೆ ವ್ಯಾಯಾಮ

ನೋವಿನ ಕಾವು ಸ್ವಲ್ಪ ಇಳಿದ ಮೇಲೆ, ಶಾಖ ಕೊಟ್ಟ ಕೂಡಲೇ ಶುರುಮಾಡಿ. ನಾಲಗೆ "ಲ" ಜಾಗದಲ್ಲೇ ಇರಲಿ. ನಾಲಗೆ ಬಿಡದೆ ಎಷ್ಟು ಬಾಯಿ ತೆರೆಯುತ್ತದೋ ಅಷ್ಟೇ ತೆರೆದು ಮುಚ್ಚಬೇಕು. ಗಲ್ಲ ನೇರ ಇಳಿಯುತ್ತದಾ ಅಂತ ಕನ್ನಡಿಯಲ್ಲಿ ನೋಡಿಕೊಳ್ಳಲಿ. ಆರು ಸಲ, ಸಾವಕಾಶವಾಗಿ. ಆಮೇಲೆ ಎರಡು ಬೆರಳನ್ನು ಗಲ್ಲದ ಕೆಳಗಿಟ್ಟು ಹಗುರವಾಗಿ ತಡೆಯುತ್ತಾ ಬಾಯಿ ಚೂರು ತೆರೆದು ಐದು ಎಣಿಸುವವರೆಗೆ ಹಿಡಿಯುವುದು. ಬೆರಳು ಗಲ್ಲದ ಬದಿಗಿಟ್ಟು ದವಡೆಯನ್ನು ಎಡಕ್ಕೆ, ಬಲಕ್ಕೆ ಹೀಗೇ ಒತ್ತುವುದು. ದಿನಕ್ಕೆ ಆರು ಹೊತ್ತು ಮಾಡಿಸುವುದು ಫಿಸಿಯೋಥೆರಪಿಯವರ ಪದ್ಧತಿ. ಹಿರಿಯರಿಗೆ ಅಷ್ಟು ನೆನಪಿರುವುದಿಲ್ಲ, ಆದ್ದರಿಂದ ಕಾಫಿ, ಊಟ, ಮಾತ್ರೆ, ದೀಪ ಹಚ್ಚುವ ಹೊತ್ತಿಗೆ ಗಂಟುಹಾಕಿ. ಮಾಡಿದ ಮೇಲೆ ನೋವು ಹೆಚ್ಚಾಗಿ ಹಾಗೇ ಉಳಿದರೆ ಅರ್ಧಕ್ಕೆ ಇಳಿಸಿ.

ಅಪ್ಪಯ್ಯ ಮೊದಲೆರಡು ದಿನ ಮುಖ ತಿರುಗಿಸಿದರು. ಮೂರನೇ ದಿನ ಮೊಮ್ಮಗಳು ಎದುರು ಕೂತು ತಾನೂ ಮಾಡಿದಳು. ಆಮೇಲೆ ಹೇಳಬೇಕಾಗಲಿಲ್ಲ.

ಬಾಯಿ ತೆರೆದೇ ಸಿಕ್ಕಿಕೊಂಡರೆ

ಹಲ್ಲಿಲ್ಲದ ಹಿರಿಯರಲ್ಲಿ, ಪಾರ್ಕಿನ್ಸನ್ ಅಥವಾ ಮರೆವಿನ ಕಾಯಿಲೆ ಇರುವವರಲ್ಲಿ ಇದು ಕಂಡುಬರುತ್ತದೆ. ಅಗಲಕ್ಕೆ ಆಕಳಿಸಿದಾಗ ದವಡೆಯ ತಲೆ ಕುಳಿಯ ದಿಬ್ಬ ದಾಟಿ ಮುಂದೆ ಹೋಗಿ ಕೂತುಬಿಡುತ್ತದೆ. ಬಾಯಿ ಮುಚ್ಚಲು ಆಗುವುದಿಲ್ಲ, ಜೊಲ್ಲು ಸುರಿಯುತ್ತದೆ, ಮಾತು ಹೊರಡುವುದಿಲ್ಲ. ಮನೆಯವರು ಲಕ್ವ ಹೊಡೆಯಿತು ಅಂತ ಗಾಬರಿಯಾಗುತ್ತಾರೆ. ಮುಖದ ಒಂದು ಬದಿ ಸೋತಿದ್ದರೆ, ಕೈ ಎತ್ತಲಾಗದಿದ್ದರೆ ಅದು ಲಕ್ವವೇ ಇರಬಹುದು. ಎರಡಕ್ಕೂ ಆಸ್ಪತ್ರೆಗೇ ಹೋಗಬೇಕು.

ಗಲ್ಲಕ್ಕೆ ಗುದ್ದುವುದು, ಬಲವಾಗಿ ಮೇಲಕ್ಕೆ ಒತ್ತುವುದು ಮಾಡಬೇಡಿ. ಸ್ನಾಯು ಇನ್ನೂ ಬಿಗಿಯುತ್ತದೆ, ಮೂಳೆ ಮುರಿಯಲೂಬಹುದು. ನೀರು, ಊಟ ಏನೂ ಬೇಡ. ಸಡಿಲವಾದ ಸೆಟ್ಟು ಇದ್ದರೆ ಮೆಲ್ಲಗೆ ತೆಗೆಯಿರಿ. ಗಲ್ಲದಡಿ ಟವೆಲ್ ಆಸರೆ ಕೊಟ್ಟು, ತಲೆ ತುಸು ಮುಂದೆ ಬಾಗಿಸಿ ಕೂರಿಸಿಕೊಂಡು ಹೊರಡಿ. ತಿಳಿದ ವೈದ್ಯರು ದವಡೆಯನ್ನು ಕೆಳಕ್ಕೊತ್ತಿ ಹಿಂದಕ್ಕೆ ಸರಿಸಿ ಕೂರಿಸುತ್ತಾರೆ. ಬೇಗ ಹೋದಷ್ಟು ಸುಲಭ, ತಡವಾದಷ್ಟೂ ಸ್ನಾಯು ಹಿಡಿದುಕೊಂಡು ಕಷ್ಟ. ಮರಳಿ ಬಂದ ಮೇಲೆ ಕೆಲವು ವಾರ ಎರಡು ಬೆರಳಿಗಿಂತ ಹೆಚ್ಚು ಬಾಯಿ ತೆರೆಯಬಾರದು. ಆಕಳಿಕೆ ಬಂದಾಗ ಗಲ್ಲದಡಿ ಮುಷ್ಟಿ ಇಟ್ಟು ತಲೆ ಬಗ್ಗಿಸುವುದನ್ನು ರೂಢಿ ಮಾಡಿಸಿ.

ಎಂಟನೇ ಹೆಜ್ಜೆ: ಯಾರಿಗೆ ತೋರಿಸುವುದು, ಏನು ಕೇಳುವುದು

ಎರಡು ವಾರದ ಆರೈಕೆಯಲ್ಲಿ ಏನೂ ಬದಲಾಗದಿದ್ದರೆ, ಅಳತೆ ಇಳಿಯುತ್ತಾ ಹೋದರೆ, ತೂಕ ಕಡಿಮೆಯಾದರೆ ತಾಲ್ಲೂಕು ಆಸ್ಪತ್ರೆಯ ದಂತವೈದ್ಯರಿಂದ ಶುರುಮಾಡಿ. ಅಲ್ಲಿಂದ ಮುಂದೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ ಇದೆ, ಶರಾವತಿ ದಂತ ವೈದ್ಯಕೀಯ ಕಾಲೇಜು ಇದೆ. ದಂತ ಕಾಲೇಜಿನಲ್ಲಿ ದವಡೆ ಶಸ್ತ್ರಚಿಕಿತ್ಸೆಯವರು, ಹಲ್ಲು ಸೆಟ್ಟು ಮಾಡುವವರು, ಬಾಯಿಯ ರೋಗ ಪತ್ತೆ ಮಾಡುವವರು ಒಂದೇ ಕಟ್ಟಡದಲ್ಲಿ ಸಿಗುವುದರಿಂದ ಬಸ್ಸಿನಲ್ಲಿ ಹಿರಿಯರನ್ನು ಮತ್ತೆ ಮತ್ತೆ ಕರೆತರುವುದು ತಪ್ಪುತ್ತದೆ. ಬೆಳಿಗ್ಗೆ ಹೋಗಿ. ಕ್ಯಾಲೆಂಡರಿನ ಹಾಳೆ, ಈಗ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳ ಚೀಟಿ, ಹಳೆಯ ಸೆಟ್ಟು ಮೂರೂ ಜೊತೆಗಿರಲಿ.

ಮೂಳೆ ಟೊಳ್ಳಾಗುವ ಕಾಯಿಲೆಗೆ (ಆಸ್ಟಿಯೋಪೊರೋಸಿಸ್) ವಾರಕ್ಕೊಂದು ಮಾತ್ರೆಯನ್ನೋ ವರ್ಷಕ್ಕೊಂದು ಚುಚ್ಚುಮದ್ದನ್ನೋ ತೆಗೆದುಕೊಳ್ಳುತ್ತಿದ್ದರೆ ಹಲ್ಲು ಕೀಳಿಸುವ ಮೊದಲು ಹೇಳಲೇಬೇಕು. ಆ ಔಷಧ ಪಡೆದವರಲ್ಲಿ ಕೆಲವರಿಗೆ ಹಲ್ಲು ಕಿತ್ತ ಜಾಗದ ಮೂಳೆ ಮಾಯದೆ ಕೊಳೆಯುತ್ತದೆ.

ಮೊದಲು ದವಡೆಯ ಪೂರ್ತಿ ಎಕ್ಸ್‌ರೇ ತೆಗೆಯುತ್ತಾರೆ. ಅದು ಸಾಲದಿದ್ದರೆ ಮೂಳೆಗೆ ಸಿಟಿ, ಡಿಸ್ಕಿಗೆ ಎಂಆರ್‌ಐ. ರಾತ್ರಿ ಹಲ್ಲು ಕಡಿಯುವವರಿಗೆ ಹಲ್ಲಿನ ಮೇಲೆ ಕೂರುವ ತಟ್ಟೆಯಂಥ ಸ್ಪ್ಲಿಂಟ್ ಮಾಡಿಕೊಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಸೂಜಿಯಿಂದ ಕೀಲಿನೊಳಗೆ ಸಲೈನ್ ಹಾಯಿಸಿ ತೊಳೆಯುವ ವಿಧಾನವಿದೆ. ತೆರೆದ ಶಸ್ತ್ರಚಿಕಿತ್ಸೆ ಬೇಕಾಗುವುದು ಬಹಳ ಕಡಿಮೆ ಜನಕ್ಕೆ. ಮೊದಲ ಭೇಟಿಯಲ್ಲೇ "ಎಲ್ಲ ಹಲ್ಲನ್ನೂ ಉಜ್ಜಿ ಸಮ ಮಾಡೋಣ", "ಎಲ್ಲಕ್ಕೂ ಕ್ಯಾಪ್ ಹಾಕೋಣ" ಅಂದರೆ ಒಪ್ಪಬೇಡಿ. ಹಿಂದಕ್ಕೆ ಬರಲಾಗದ ಯಾವ ಕೆಲಸಕ್ಕೂ ಮೊದಲು ಇನ್ನೊಬ್ಬ ವೈದ್ಯರ ಅಭಿಪ್ರಾಯ ಕೇಳುವುದು ನಿಮ್ಮ ಹಕ್ಕು. ಒಳ್ಳೆಯ ವೈದ್ಯರು ಅದಕ್ಕೆ ಬೇಸರಪಟ್ಟುಕೊಳ್ಳುವುದಿಲ್ಲ.

ಅಳತೆಯನ್ನು ವಾರಕ್ಕೊಮ್ಮೆ, ಒಂದೇ ವಾರದ ದಿನ, ಒಂದೇ ಹೊತ್ತಿಗೆ, ಅದೇ ಸ್ಕೇಲಿನಲ್ಲಿ ತೆಗೆಯಿರಿ. ನಡುವೆ ಒಂದು ವಾರ ಇಳಿದರೆ ಹೆದರಬೇಡಿ. ಮಳೆ ಹಿಡಿದ ವಾರಗಳಲ್ಲಿ, ಮನೆಯಲ್ಲಿ ಚಿಂತೆ ಹೆಚ್ಚಾದ ವಾರಗಳಲ್ಲಿ ಹಾಗಾಗುವುದನ್ನು ನಾನು ನೋಡಿದ್ದೇನೆ. ಅಪ್ಪಯ್ಯನ ಕ್ಯಾಲೆಂಡರಿನಲ್ಲಿ 29ರ ನಂತರ 30, 33, ಮತ್ತೆ 31, ಆಮೇಲೆ 35, 38 ಅಂತ ಅಮ್ಮನ ಅಕ್ಷರದಲ್ಲಿ ಬರೆದಿದೆ. ಚಕ್ಕುಲಿ ಈಗಲೂ ಬೇಡ ಅನ್ನುತ್ತಾರೆ. ರೊಟ್ಟಿಯ ಅಂಚು ತಟ್ಟೆಯಲ್ಲಿ ಉಳಿಯುತ್ತಿಲ್ಲ.